ಜರ್ಮನಿಯಲ್ಲಿ ಮನೆ ಮುಂದಿನ ಹಿಮ ಯಾರು ತೆಗೆಯಬೇಕು? ಮಲೆನಾಡಿನಿಂದ ಹೊರಟವರಿಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಜರ್ಮನಿಗೆ ಹೊರಡುವವರು ನನ್ನನ್ನು ಕೇಳುವುದು ಹೆಚ್ಚಾಗಿ ವೀಸಾ ಬಗ್ಗೆ, ಬಾಡಿಗೆ ಮನೆ ಬಗ್ಗೆ, ತೊಗರಿಬೇಳೆ ಸಿಗುತ್ತದಾ ಅನ್ನುವುದರ ಬಗ್ಗೆ. ಮನೆ ಮುಂದಿನ ಫುಟ್‌ಪಾತ್ ಮೇಲೆ ಬಿದ್ದ ಹಿಮವನ್ನು ಯಾರು ತೆಗೆಯಬೇಕು ಅಂತ ಯಾರೂ ಕೇಳುವುದಿಲ್ಲ. ಇದನ್ನು ಕೇಳಲೇಬೇಕು. ಅಲ್ಲಿ ಅದು ಕಾನೂನಿನ ವಿಷಯ, ದುಡ್ಡಿನ ವಿಷಯ. ಎಲ್ಲಕ್ಕಿಂತ ಜಾಸ್ತಿ, ಪಕ್ಕದ ಮನೆಯ ಅಜ್ಜಿ ಸೊಂಟ ಮುರಿದುಕೊಳ್ಳದೆ ಅಂಗಡಿಗೆ ಹೋಗಿ ಬರುವ ವಿಷಯ. ಅಲ್ಲಿ ಕೆಲವು ಚಳಿಗಾಲ ಕಳೆದು ಈಗ ಶಿವಮೊಗ್ಗದಲ್ಲಿದ್ದೇನೆ, ಹಾಗಾಗಿ ಗೊತ್ತಿರುವಷ್ಟನ್ನು ಬರೆಯುತ್ತಿದ್ದೇನೆ.

ಜಾರುವ ನೆಲ ನಮಗೇನೂ ಹೊಸದಲ್ಲ. ಜುಲೈನಲ್ಲಿ ಅಂಗಳದ ಕಲ್ಲಿಗೆ ಪಾಚಿ ಕಟ್ಟಿದಾಗ ಅಡಿಕೆ ಸೋಗೆ ಹಾಸಿಕೊಂಡು ಓಡಾಡುತ್ತೇವೆ, ಮಳೆ ಹಿಡಿಯುವ ಮುಂಚೆ ಊರವರೇ ಸೇರಿ ಕಾಲುಸಂಕ ಸರಿ ಮಾಡುತ್ತೇವೆ. ಆದರೆ ಪಾಚಿಯಾದರೆ ಕಣ್ಣಿಗೆ ಕಾಣುತ್ತದೆ. ಹಗಲು ಸ್ವಲ್ಪ ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿದಾಗ ಫುಟ್‌ಪಾತ್ ಮೇಲೆ ಕೂರುವ ತೆಳು ಮಂಜುಗಡ್ಡೆ ಎಷ್ಟೋ ಸಲ ಕಾಣುವುದೇ ಇಲ್ಲ. ಸುಮ್ನೆ ಒದ್ದೆ ನೆಲ ಅಂದುಕೊಂಡು ಕಾಲಿಡುತ್ತೀರಿ. ಊರಲ್ಲಿ ಕಾಲುಸಂಕಕ್ಕೆ ಯಾರು ಬಂದರು, ಯಾರು ಬರಲಿಲ್ಲ ಅನ್ನುವುದು ಊರಿನ ಮಾತಾಗಿ ಮುಗಿಯುತ್ತದೆ. ಜರ್ಮನಿಯಲ್ಲಿ ಅದನ್ನು ಬರೆದಿಟ್ಟಿದ್ದಾರೆ.

ಬರೆದಿಟ್ಟಿರುವುದು ಹೀಗೆ. ವಾಹನ ಓಡಾಡುವ ಮುಖ್ಯ ರಸ್ತೆಗಳನ್ನು ನಗರಾಡಳಿತ ನೋಡಿಕೊಳ್ಳುತ್ತದೆ. ಮನೆ ಮುಂದಿನ ಫುಟ್‌ಪಾತ್ ಹೊಣೆಯನ್ನು ಹೆಚ್ಚಿನ ಊರುಗಳು ತಮ್ಮ ಸ್ಥಳೀಯ ನಿಯಮದ ಮೂಲಕ ಆ ಜಾಗದ ಮಾಲೀಕರಿಗೆ ಕೊಟ್ಟಿವೆ. ಇಡೀ ದೇಶಕ್ಕೆ ಒಂದೇ ನಿಯಮ ಇಲ್ಲ. ಬರ್ಲಿನ್‌ನಲ್ಲಿ ರಸ್ತೆ, ಬಸ್ ಸ್ಟಾಪ್ ಎಲ್ಲ ನಗರದ ಸ್ವಚ್ಛತಾ ಸಂಸ್ಥೆ ಬಿ.ಎಸ್.ಆರ್. ಕೆಲಸ, ಮನೆ ಮುಂದಿನದು ಮಾಲೀಕರ ಕೆಲಸ. ಮ್ಯೂನಿಕ್‌ನ ನಡುಭಾಗದಲ್ಲಿ ನಗರದವರೇ ಶುಲ್ಕ ತೆಗೆದುಕೊಂಡು ಫುಟ್‌ಪಾತ್ ನೋಡಿಕೊಳ್ಳುತ್ತಾರೆ, ಹೊರ ಬಡಾವಣೆಗಳಲ್ಲಿ ಮನೆಯವರೇ ಮಾಡಬೇಕು. ನಿಮ್ಮ ಊರಿನ ಹೆಸರಿನ ಜೊತೆ ‘ವಿಂಟರ್‌ಡೀನ್ಸ್ಟ್’ (ಚಳಿಗಾಲದಲ್ಲಿ ದಾರಿ ನೋಡಿಕೊಳ್ಳುವ ಕೆಲಸ) ಅಂತ ಹುಡುಕಿದರೆ ಅಲ್ಲಿನ ನಿಯಮ ಸಿಗುತ್ತದೆ.

ಈಗ ಬಾಡಿಗೆದಾರರ ವಿಷಯ. ನಮ್ಮವರು ಎಡವುವುದು ಇಲ್ಲೇ. ಮಾಲೀಕರು ಈ ಕೆಲಸವನ್ನು ಬಾಡಿಗೆದಾರರಿಗೆ ವಹಿಸಬಹುದು, ಆದರೆ ಅದು ಬಾಡಿಗೆ ಕರಾರಿನಲ್ಲಿ ಇರಬೇಕು. ಕರಾರಿಗೆ ಸೇರಿಸಿದ ‘ಹೌಸ್‌ಓರ್ಡ್‌ನುಂಗ್’, ಅಂದರೆ ಮನೆಯ ನಿಯಮಗಳ ಪಟ್ಟಿಯಲ್ಲಿ ಇದ್ದರೂ ಆಯಿತು. ಮೆಟ್ಟಿಲ ಹತ್ತಿರ ಆಮೇಲೆ ಒಂದು ಚೀಟಿ ಅಂಟಿಸಿದ ಮಾತ್ರಕ್ಕೆ ಹೊಣೆ ನಿಮ್ಮ ತಲೆಗೆ ಬರುವುದಿಲ್ಲ, ನೆಲಮಹಡಿಯಲ್ಲಿ ಇದ್ದೀರಿ ಅನ್ನುವ ಒಂದೇ ಕಾರಣಕ್ಕೂ ಬರುವುದಿಲ್ಲ. ಹತ್ತಿಪ್ಪತ್ತು ಪುಟದ ಜರ್ಮನ್ ಕಾಗದ ಎದುರಿಗಿಟ್ಟಾಗ ಮನೆ ಸಿಕ್ಕಿದ್ದೇ ಸಾಕು ಅಂತ ಸಹಿ ಹಾಕಿಬಿಡುತ್ತೇವೆ ಅಲ್ವಾ, ದಯವಿಟ್ಟು ಹಾಗೆ ಮಾಡಬೇಡಿ. ಆ ಕಾಗದದಲ್ಲಿ ಹಿಮದ ಬಗ್ಗೆ ಏನಿದೆ ಅಂತ ಭಾಷೆ ಬರುವ ಒಬ್ಬರ ಹತ್ತಿರ ಓದಿಸಿ. ಮಾಲೀಕರನ್ನು ನೇರವಾಗಿ ಕೇಳಿ: ಇಲ್ಲಿ ಹಿಮ ತೆಗೆಯುವುದು ನಾವಾ, ಹೌಸ್‌ಮೈಸ್ಟರಾ (ಕಟ್ಟಡ ನೋಡಿಕೊಳ್ಳುವವರು), ಕಂಪನಿಯವರಾ? ಕಂಪನಿಗೆ ಕೊಟ್ಟಿದ್ದರೆ ಅದರ ಖರ್ಚನ್ನು ಕರಾರಿನ ಪ್ರಕಾರ ನಿಮ್ಮ ‘ನೇಬೆನ್‌ಕೋಸ್ಟೆನ್’ (ಬಾಡಿಗೆಯ ಜೊತೆ ಕಟ್ಟುವ ಇತರ ಖರ್ಚು) ಲೆಕ್ಕಕ್ಕೆ ಸೇರಿಸಬಹುದು. ಹಾಗಿದ್ದರೆ ಸಲಿಕೆ ಹಿಡಿಯುವ ಕೆಲಸ ನಿಮಗಿಲ್ಲ. ಹೊಸದಾಗಿ ಬಂದವರಿಗೆ ಇದನ್ನು ಬಾಯಿಬಿಟ್ಟು ಹೇಳುವುದು ಮಾಲೀಕರ ಕರ್ತವ್ಯ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಆದರೆ ಎಷ್ಟೋ ಮಂದಿ ಹೇಳುವುದಿಲ್ಲ, ಹಾಗಾಗಿ ನೀವೇ ಕೇಳಬೇಕು.

ಸ್ಟುಟ್‌ಗಾರ್ಟ್ ಸುತ್ತಮುತ್ತ ‘ಕೇರ್‌ವೊಖ’ ಅಂತ ಒಂದು ಪದ್ಧತಿ ಇದೆ. ಗುಡಿಸುವ ಪಾಳಿ ವಾರಕ್ಕೊಬ್ಬರಿಗೆ. ಪಾಳಿ ಇರುವವರ ಬಾಗಿಲಿಗೆ ಒಂದು ಫಲಕ ನೇತು ಹಾಕಿರುತ್ತಾರೆ, ವಾರ ಮುಗಿದಾಗ ಅದು ಮುಂದಿನ ಮನೆಗೆ ಹೋಗುತ್ತದೆ. ಚಳಿಗಾಲದಲ್ಲಿ ಹಿಮದ ಕೆಲಸವೂ ಎಷ್ಟೋ ಕಡೆ ಇದೇ ಪಾಳಿಯಲ್ಲಿ ನಡೆಯುತ್ತದೆ.

ಸಮಯ ಸಾಮಾನ್ಯವಾಗಿ ಬೆಳಗ್ಗೆ 7ರಿಂದ ರಾತ್ರಿ 8ರವರೆಗೆ. ಭಾನುವಾರ, ರಜಾದಿನ ಸ್ವಲ್ಪ ತಡ: ಮ್ಯೂನಿಕ್‌ನಲ್ಲಿ 8ಕ್ಕೆ, ಬರ್ಲಿನ್‌ನಲ್ಲಿ 9ಕ್ಕೆ ಶುರು. 7ಕ್ಕೆ ಅಂದರೆ 7ಕ್ಕೆ ಎದ್ದು ಕಾಫಿ ಕುಡಿದು ಹೊರಡುವುದಲ್ಲ, 7ಕ್ಕೆ ದಾರಿ ತೆರೆದಿರಬೇಕು. ಜೋರಾಗಿ ಬೀಳುತ್ತಿರುವಾಗ ನಿಂತು ತೆಗೆಯುತ್ತಲೇ ಇರಬೇಕು ಅಂತ ಯಾರೂ ಹೇಳುವುದಿಲ್ಲ. ಬೀಳುವುದು ನಿಂತ ಮೇಲೆ ಬೇಗ ತೆಗೆಯಬೇಕು. ಮತ್ತೆ ಬಿದ್ದರೆ ಮತ್ತೆ ತೆಗೆಯಬೇಕು, ದಿನಕ್ಕೊಂದು ಸಲ ಮಾಡಿದೆ ಅಂದರೆ ಸಾಲದು. ಅಗಲ ಸಾಮಾನ್ಯವಾಗಿ 1ರಿಂದ 1.5 ಮೀಟರ್, ಅಂದರೆ ಎದುರುಬದುರು ಬಂದ ಇಬ್ಬರು ಅಥವಾ ಮಗುವಿನ ಗಾಡಿ ತಳ್ಳುವವರು ದಾಟುವಷ್ಟು. ಮೂಲೆ ಮನೆಯಾದರೆ ಎರಡೂ ಬದಿ ನಿಮ್ಮದೇ. ಮನೆ ಬಾಗಿಲಿಗೆ ಬರುವ ದಾರಿ, ಕಸದ ಡಬ್ಬಿ ಇರುವ ಜಾಗಕ್ಕೆ ಹೋಗುವ ದಾರಿಯನ್ನೂ ಮರೆಯಬೇಡಿ.

‘ನಾನು ಆಫೀಸಿಗೆ ಹೋಗಿದ್ದೆ’ ಅನ್ನುವುದು ಅಲ್ಲಿ ನೆಪ ಆಗುವುದಿಲ್ಲ. ಊರಿಗೆ ಹೋಗಿದ್ದೆ ಅನ್ನುವುದೂ ಅಷ್ಟೆ. ನಮ್ಮ ಕಡೆಯವರಿಗೆ ಇದು ಮುಖ್ಯ, ಏಕೆಂದರೆ ನಾವು ರಜೆ ಹಾಕಿ ಬರುವುದೇ ಅಡಿಕೆ ಕೊಯ್ಲಿನ ಸಮಯಕ್ಕೆ, ಡಿಸೆಂಬರ್–ಜನವರಿಯ ಮದುವೆಗಳಿಗೆ. ಅಲ್ಲಿ ಹಿಮ ಬೀಳುವುದೂ ಆಗಲೇ. ಟಿಕೆಟ್ ಬುಕ್ ಮಾಡಿದ ದಿನವೇ ಪಕ್ಕದವರ ಹತ್ತಿರ ಪಾಳಿ ಬದಲು ಮಾಡಿಕೊಳ್ಳಿ. ಯಾವ ದಿನದಿಂದ ಯಾವ ದಿನದವರೆಗೆ ಅಂತ ಮೆಸೇಜ್‌ನಲ್ಲಿ ಬರೆದಿಟ್ಟುಕೊಳ್ಳಿ, ಮಾಲೀಕರಿಗೂ ತಿಳಿಸಿ. ಜ್ವರ ಬಂದರೂ ಹೀಗೆಯೇ, ಬದಲಿ ಒಬ್ಬರು ಬೇಕು.

ತೆಗೆಯುವ ರೀತಿ ಸುಲಭ, ಬೇಗ ಶುರು ಮಾಡಬೇಕು ಅಷ್ಟೆ. ಯಾರೂ ತುಳಿಯದ ಹಿಮ ಹಗುರ, ಅಗಲ ಸಲಿಕೆಯಲ್ಲಿ ತಳ್ಳಿದರೆ ಹೋಗುತ್ತದೆ. ಎತ್ತಿ ಎಸೆಯಲು ಹೋದರೆ ಬೆನ್ನು ಹಿಡಿಯುತ್ತದೆ. ನಾಲ್ಕು ಜನ ತುಳಿದ ಮೇಲೆ ಅದು ಗಟ್ಟಿಯಾಗಿ ನೆಲಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಕೆರೆಯುವುದು ದೊಡ್ಡ ಕಷ್ಟ. ಸಲಿಕೆಯನ್ನು ನವೆಂಬರ್‌ನಲ್ಲೇ ಕೊಳ್ಳಿ, ಹಿಮ ಬಿದ್ದ ದಿನ ಅಂಗಡಿಗಳಲ್ಲಿ ಮುಗಿದಿರುತ್ತದೆ. ತೆಗೆದ ಹಿಮವನ್ನು ಫುಟ್‌ಪಾತ್‌ನ ರಸ್ತೆ ಬದಿಯ ಅಂಚಿಗೆ ರಾಶಿ ಮಾಡಿ. ರಸ್ತೆಗೆ ತಳ್ಳಬೇಡಿ, ಪಕ್ಕದವರ ಜಾಗಕ್ಕೂ ತಳ್ಳಬೇಡಿ, ಚರಂಡಿ ಬಾಯಿ ಮುಚ್ಚಬೇಡಿ, ಅಗ್ನಿಶಾಮಕದವರ ನೀರಿನ ಹೈಡ್ರಂಟ್ ಮುಚ್ಚಬೇಡಿ. ಬಿಸಿನೀರನ್ನಂತೂ ಸುರಿಯಲೇಬೇಡಿ. ಆ ಕ್ಷಣಕ್ಕೆ ಕರಗಿದಂತೆ ಕಂಡು ಸ್ವಲ್ಪ ಹೊತ್ತಿಗೇ ಮೊದಲಿಗಿಂತ ನುಣ್ಣನೆಯ ಮಂಜುಗಡ್ಡೆ ಆಗುತ್ತದೆ.

ಉಪ್ಪಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಉಪ್ಪು ಎರಚಿದರೆ ಮಂಜು ಬೇಗ ಕರಗುತ್ತದೆ, ಅಂಗಡಿಯಲ್ಲೂ ಚೀಲ ಚೀಲ ಮಾರುತ್ತಾರೆ. ಆದರೂ ಬರ್ಲಿನ್, ಹ್ಯಾಂಬರ್ಗ್, ಮ್ಯೂನಿಕ್‌ನಂಥ ಅನೇಕ ಊರುಗಳ ನಿಯಮದಲ್ಲಿ ಮನೆಯವರು ಫುಟ್‌ಪಾತ್‌ಗೆ ಉಪ್ಪು ಹಾಕುವಂತಿಲ್ಲ. ಕೆಲವು ಕಡೆ ಮೆಟ್ಟಿಲು, ಕಡಿದಾದ ಇಳಿಜಾರಿಗೆ ಮಾತ್ರ ವಿನಾಯಿತಿ. ಮಾರುತ್ತಾರೆ ಅಂದರೆ ಹಾಕಬಹುದು ಅಂತಲ್ಲ. ಉಪ್ಪುನೀರು ಇಳಿದು ಬೀದಿ ಮರಗಳ ಬೇರು ಸುಡುತ್ತದೆ, ನಾಯಿಗಳ ಪಾದ ಉರಿಯುತ್ತದೆ, ಅಂತರ್ಜಲಕ್ಕೂ ಸೇರುತ್ತದೆ. ಬದಲಿಗೆ ಮರಳು ಅಥವಾ ‘ಸ್ಪ್ಲಿಟ್’ ಅನ್ನುವ ಸಣ್ಣ ಜಲ್ಲಿ ಹಾಕುತ್ತಾರೆ. ಚೀಲದ ಮೇಲೆ ‘ಬ್ಲೌಎರ್ ಎಂಗೆಲ್’ ಪರಿಸರ ಮುದ್ರೆ ಇದ್ದರೆ ಕಣ್ಣುಮುಚ್ಚಿ ಕೊಳ್ಳಿ. ಅದು ಮಂಜನ್ನು ಕರಗಿಸುವುದಿಲ್ಲ, ಕಾಲಿಗೆ ಹಿಡಿತ ಕೊಡುತ್ತದೆ. ಮಲೆನಾಡಿನವರಿಗೆ ಮರದ ಬೆಲೆ ಗೊತ್ತು, ಹಾಗಾಗಿ ನಿಯಮ ಸಡಿಲ ಇರುವ ಊರಿನಲ್ಲೂ ಉಪ್ಪು ಬೇಡ ಅನ್ನುವುದು ನನ್ನ ಮನವಿ.

ತೆಗೆಯದೆ ಬಿಟ್ಟರೆ ಏನಾಗುತ್ತದೆ? ದಂಡ ಹಾಕಬಹುದು. ಅದಕ್ಕಿಂತ ದೊಡ್ಡದು, ಯಾರಾದರೂ ಬಿದ್ದು ಮೂಳೆ ಮುರಿದುಕೊಂಡರೆ ಹೊಣೆ ಹೊತ್ತವರು ಪರಿಹಾರ ಕೊಡಬೇಕಾಗಬಹುದು. ಜರ್ಮನ್ ನಾಗರಿಕ ಸಂಹಿತೆಯ 823ನೇ ಕಲಂ ಇದಕ್ಕೆ ಆಧಾರ. ಬಿದ್ದವರು ಒಳ್ಳೆಯವರಾಗಿ ‘ಹೋಗಲಿ ಬಿಡಿ’ ಅಂದರೂ, ಚಿಕಿತ್ಸೆಯ ಖರ್ಚು ಕೊಟ್ಟ ಅವರ ಆರೋಗ್ಯ ವಿಮೆಯವರು ನಿಮ್ಮ ಹತ್ತಿರ ಬರಬಹುದು. ಅದಕ್ಕೇ ‘ಹಾಫ್ಟ್‌ಫ್ಲಿಶ್ಟ್’ ವಿಮೆ, ಅಂದರೆ ನಿಮ್ಮಿಂದ ಇನ್ನೊಬ್ಬರಿಗೆ ಆದ ನಷ್ಟ ತುಂಬಿಕೊಡುವ ವಿಮೆ, ಇಲ್ಲದೆ ಅಲ್ಲಿ ಇರಬೇಡಿ. ಇಡೀ ಮನೆಗೆ ಸೇರಿ ವರ್ಷಕ್ಕೆ ಹೆಚ್ಚು ಖರ್ಚಿಲ್ಲ, ಬಾಡಿಗೆದಾರರ ಈ ಹೊಣೆಯೂ ಸಾಮಾನ್ಯವಾಗಿ ಅದರಲ್ಲಿ ಸೇರಿರುತ್ತದೆ. ಬರ್ಲಿನ್‌ನಲ್ಲಿ 2009–10ರ ಚಳಿಗಾಲದಲ್ಲಿ ಫುಟ್‌ಪಾತ್‌ಗಳು ವಾರಗಟ್ಟಲೆ ಮಂಜುಗಟ್ಟಿ ತುಂಬಾ ಜನ ಬಿದ್ದರು. 2010ರಲ್ಲೇ ಅಲ್ಲಿನ ಕಾನೂನು ಬಿಗಿಯಾಯಿತು. ಸುಮ್ನೆ ಜನರನ್ನು ಗೋಳು ಹೊಯ್ದುಕೊಳ್ಳಲು ಮಾಡಿದ ನಿಯಮ ಇದಲ್ಲ.

ನೀವೇ ಬಿದ್ದರೆ? ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಿದ್ದಿದ್ದರೆ ಅದು ಕೆಲಸದ ಅಪಘಾತದ ಲೆಕ್ಕಕ್ಕೆ ಬರುತ್ತದೆ. ಆಸ್ಪತ್ರೆಯಲ್ಲೂ ಆಫೀಸಿನಲ್ಲೂ ಅದನ್ನು ಹೇಳಲೇಬೇಕು. ಬಿದ್ದ ಜಾಗದ ಫೋಟೋ ತೆಗೆದಿಡಿ. ಏಳಲು ಆಗದಿದ್ದರೆ 112ಕ್ಕೆ ಕರೆ ಮಾಡಿ.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರಿಗೆ ಒಂದು ಮಾತು. ಷೆಂಗೆನ್ ವೀಸಾಗೆ (ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಸ್ವಲ್ಪ ದಿನ ಬಂದು ಹೋಗುವ ವೀಸಾ) ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕೇಬೇಕು, ಅದನ್ನು ವೀಸಾಗೆ ಬೇಕಾದ ಕಾಗದ ಅಂತ ನೋಡದೆ ಮೂಳೆ ಮುರಿತಕ್ಕೆ ಏನು ಕೊಡುತ್ತಾರೆ ಅಂತ ಓದಿ. ಶಿವಮೊಗ್ಗದಲ್ಲಿ ಕೊಂಡ ಶೂ ಹಾಕಿಕೊಂಡು ಮಂಜಿನ ಮೇಲೆ ನಡೆಸಬೇಡಿ. ಅಡಿಭಾಗದಲ್ಲಿ ಆಳವಾದ ಗೆರೆ ಕೊರೆದಿರುವ ಬೂಟು ಕೊಡಿಸಿ, ಮೇಲೆ ಸಿಕ್ಕಿಸುವ ಮುಳ್ಳುಪಟ್ಟಿಯೂ ಸಿಗುತ್ತದೆ. ಅಲ್ಲಿನ ವೈದ್ಯರು ಹೇಳುವುದು ಪೆಂಗ್ವಿನ್ ನಡಿಗೆ: ಸಣ್ಣ ಹೆಜ್ಜೆ, ಪೂರ್ತಿ ಪಾದ ಊರುವುದು, ಭಾರ ಮುಂದಿನ ಕಾಲಿನ ಮೇಲೆ, ಕೈ ಜೇಬಿನಿಂದ ಹೊರಗೆ. ಜರ್ಮನ್ ಹವಾಮಾನ ಇಲಾಖೆಯ ‘ವಾರ್ನ್‌ವೆಟರ್’ ಆ್ಯಪ್ ಹಾಕಿಕೊಳ್ಳಿ, ಎಚ್ಚರಿಕೆ ಉಚಿತವಾಗಿ ಬರುತ್ತದೆ. ‘ಗ್ಲಾಟ್‌ಐಸ್’ (ನೆಲದ ಮೇಲೆ ಜಾರುವ ಮಂಜುಗಡ್ಡೆ) ಅಂತ ಬಂದ ದಿನ ಅವರನ್ನು ಮನೆಯಲ್ಲೇ ಇರಿಸಿ.

ಇನ್ನು ಪಕ್ಕದ ಮನೆ. ಕಾನೂನು ನಿಮ್ಮ ಗಡಿಯವರೆಗೆ ಮಾತ್ರ ಹೇಳುತ್ತದೆ, ಆದರೆ ನಡೆಯುವವರಿಗೆ ಗಡಿ ಇಲ್ಲ. ಪಕ್ಕದಲ್ಲಿ ವಯಸ್ಸಾದ ದಂಪತಿ ಇದ್ದರೆ ಸಲಿಕೆ ಕೈಯಲ್ಲಿರುವಾಗಲೇ ಅವರ ಮುಂದೂ ತಳ್ಳಿಬಿಡಿ, ಎಷ್ಟು ಹೊತ್ತು ಆಗುತ್ತದೆ ಹೇಳಿ. ಭಾಷೆ ಬರದ ದಿನಗಳಲ್ಲೂ ಆ ಬೀದಿಯವರ ಜೊತೆ ಪರಿಚಯ ಆಗುವುದು ಹೀಗೆಯೇ. ಒಂದು ಎಚ್ಚರ ಮಾತ್ರ ಇರಲಿ: ‘ಇಡೀ ಚಳಿಗಾಲ ನಾನೇ ನೋಡಿಕೊಳ್ಳುತ್ತೇನೆ’ ಅಂತ ಒಪ್ಪಿಕೊಂಡರೆ ಆ ಹೊಣೆಯೂ ನಿಮ್ಮದಾಗಬಹುದು. ಹಾಗಾಗಿ ಸಾಧ್ಯವಾದಾಗ ಮಾಡುತ್ತೇನೆ ಅಂತ ಸ್ಪಷ್ಟವಾಗಿ ಹೇಳಿ, ಊರಿಗೆ ಹೊರಡುವ ಮುಂಚೆ ಅವರಿಗೂ ಮರೆಯದೆ ತಿಳಿಸಿ.

ಹಿಮಗಾಲ ಮುಗಿದ ಮೇಲೆ ಹಾಕಿದ ಜಲ್ಲಿಯನ್ನು ಗುಡಿಸಿ ತೆಗೆಯುವುದೂ ಇದೇ ಕೆಲಸದ ಭಾಗ, ಬಿಟ್ಟರೆ ಸೈಕಲ್‌ನವರು ಅದರ ಮೇಲೇ ಜಾರುತ್ತಾರೆ. ಒಣ ದಿನ ನೋಡಿ ಗುಡಿಸಿ ಚೀಲಕ್ಕೆ ತುಂಬಿಡಿ. ಕಸ ಸೇರದಿದ್ದರೆ ಮುಂದಿನ ವರ್ಷಕ್ಕೂ ಬರುತ್ತದೆ.