ಮೆಟ್ಟಿಲಿಗೊಂದು ಪೆಟ್ಟಿಗೆ: ದಸರಾ ಗೊಂಬೆಗಳನ್ನು ಹದ್ದುಬಸ್ತಿನಲ್ಲಿಟ್ಟ ಬಗೆ

ದಸರಾಕ್ಕೆ ಕಟ್ಟುವುದು ಏಳು ಮೆಟ್ಟಿಲು, ಗೊಂಬೆಗಳಿಗೆ ಇಟ್ಟುಕೊಂಡಿರುವುದೂ ಏಳೇ ಪೆಟ್ಟಿಗೆ. ಮೆಟ್ಟಿಲಿನ ನಂಬರೇ ಪೆಟ್ಟಿಗೆಯದು. ಪಟ್ಟದ ಗೊಂಬೆಗಳು ಒಂದರಲ್ಲಿ, ಶೆಟ್ಟಿ-ಶೆಟ್ಟಿತಿ ಮತ್ತು ಅವರ ಅಂಗಡಿ ಸಾಮಾನು ಏಳರಲ್ಲಿ. ವಿಜಯದಶಮಿಯ ಮಾರನೆ ದಿನ ಕೆಳಗಿನ ಮೆಟ್ಟಿಲಿಂದ ಎತ್ತುತ್ತಾ ಬಂದರೆ ಏಳನೆಯ ಪೆಟ್ಟಿಗೆ ಮೊದಲು ತುಂಬಿ ಅಟ್ಟದ ಒಳಮೂಲೆ ಸೇರುತ್ತದೆ, ಒಂದನೆಯದು ಕೊನೆಗೆ ಮುಂದೆ ಕೂರುತ್ತದೆ. ಮುಂದಿನ ವರ್ಷ ಕೂರಿಸುವುದು ಮೇಲಿನಿಂದ ತಾನೆ, ಬೇಕಾದದ್ದೇ ಮೊದಲು ಕೈಗೆ ಸಿಗುತ್ತದೆ. ಎತ್ತುವ ಮುಂಚೆ ಮೆಟ್ಟಿಲಿಗೊಂದು ಫೋಟೊ ತೆಗೆದು, ಪ್ರಿಂಟನ್ನು ಮುಚ್ಚಳದ ಒಳಗೆ ಅಂಟಿಸುತ್ತೇನೆ.

ಸುತ್ತುವುದರಲ್ಲೇ ಅರ್ಧ ಗೊಂಬೆ ಹಾಳಾಗುವುದು. ಪೇಪರಿನ ಮಸಿ ಬಣ್ಣಕ್ಕೆ ಅಂಟುತ್ತದೆ. ಪ್ಲಾಸ್ಟಿಕ್ ಕವರಿನೊಳಗೆ ತೇವ ಸಿಕ್ಕಿಕೊಂಡರೆ ಮಣ್ಣಿನ ಗೊಂಬೆಯ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹಳೆ ಪಂಚೆ, ಕಾಟನ್ ಸೀರೆಯ ತುಂಡೇ ಸರಿ, ಆದರೆ ಗಂಜಿ ಹಾಕಿದ್ದು ಬೇಡ. ಜಿರಳೆ, ಬೆಳ್ಳಿಹುಳಗಳಿಗೆ ಗಂಜಿಯೆಂದರೆ ಹಬ್ಬ. ಕಾಗದದ ಗೊಂಬೆಯಲ್ಲೂ ಅಂಥದೇ ಗಂಜಿಯ ಗೋಂದು ಇರುವುದರಿಂದ ಅವಕ್ಕೆ ಮುಚ್ಚಳ ಬಿಗಿಯಾಗಿ ಕೂರುವ ಡಬ್ಬವೇ ಆಗಬೇಕು. ಮಣ್ಣಿನದನ್ನು ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ, ಮೆತ್ತನೆಯ ಒಣ ಬ್ರಷ್ ಸಾಕು. ತಲೆಯಾಡಿಸುವ ತಂಜಾವೂರು ಗೊಂಬೆಯ ಭಾಗಗಳನ್ನು ಕಳಚಿ ಬೇರೆ ಬೇರೆ ಸುತ್ತಿ. ಹಾಗೇ ಇಟ್ಟರೆ ಒಳಗಿನ ತಂತಿ ಕತ್ತಿನ ಬಣ್ಣ ಕೆರೆಯುತ್ತದೆ.

ಚನ್ನಪಟ್ಟಣದವುಗಳ ಕಥೆಯೇ ಬೇರೆ. ಲೇತಿನಲ್ಲಿ ತಿರುಗುವ ಹಾಲೆಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಶಾಖಕ್ಕೇ ಅರಗು ಕರಗಿ ಹಿಡಿಯುವುದು. ಶಾಖ ಮತ್ತೆ ಸಿಕ್ಕರೆ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ. ತಗಡು ಛಾವಣಿಯ ಕೆಳಗಿನ ಅಟ್ಟದಲ್ಲಿ ಇವನ್ನು ಇಡಬಾರದು. ಸ್ಯಾನಿಟೈಸರ್ ಹಾಕಿ ಒರೆಸಿದರಂತೂ ಹೊಳಪು ಹೋಯಿತೆಂದೇ ಲೆಕ್ಕ, ಸ್ಪಿರಿಟ್ಟಿಗೆ ಅರಗು ಕರಗುತ್ತದೆ.

ಹುಳಕ್ಕೆ ಬಜೆ, ಒಣಗಿದ ಬೇವಿನೆಲೆಯ ಗಂಟು. ಹಸಿ ಎಲೆ ತೇವ ತರುತ್ತದೆ. ಪ್ಲಾಸ್ಟಿಕ್ ಆಟಿಕೆ ಇರುವ ಪೆಟ್ಟಿಗೆಗೆ ನುಸಿಗುಳಿಗೆ ಬೇಡ, ಕೆಲವು ಪ್ಲಾಸ್ಟಿಕ್ ಅದಕ್ಕೆ ಮೆತ್ತಗಾಗುತ್ತವೆ.

ಲೆಕ್ಕಕ್ಕೆ ಒಂದು ನೋಟ್‌ಬುಕ್. ಮಣ್ಣಿನದು ಮ-1, ಕಾಗದದ್ದು ಕಾ-1, ಅರಗಿನದು ಅ-1, ಹೀಗೆ ನಂಬರು, ಎತ್ತರ, ತಂದ ವರ್ಷ, ಪೆಟ್ಟಿಗೆ. ಗೊಂಬೆಯ ತಳದಲ್ಲಿ ಪೆನ್ಸಿಲಿನಲ್ಲಿ ಬರೆದರೆ ಸಾಕು. ಟೇಪ್ ಹಚ್ಚಿದರೆ ಕೀಳುವಾಗ ಬಣ್ಣವೂ ಬರುತ್ತದೆ. ದಶಾವತಾರದಂಥ ಸೆಟ್ಟಿಗೆ ಮ-21/1ರಿಂದ ಮ-21/10. ಕೂರ್ಮಾವತಾರವೊಂದು ಕಾಣದಿದ್ದರೆ ಉಳಿದ ಒಂಬತ್ತನ್ನು ಕೂರಿಸುವುದಾದರೂ ಹೇಗೆ?

ಹೊಸದು ಕೊಳ್ಳುವ ಮುಂಚೆ ಅಳತೆಯ ಟೇಪ್ ಹಿಡಿಯುತ್ತೇನೆ. ಮೆಟ್ಟಿಲಿನ ಅಗಲ 48 ಇಂಚು. ತಳ 3 ಇಂಚಿನ ಹತ್ತು ಗೊಂಬೆಗೆ 30, ನಡುವೆ ಒಂದೊಂದು ಇಂಚಿನಂತೆ 9, ಒಟ್ಟು 39. ಉಳಿದ 9 ಇಂಚಿನಲ್ಲಿ ಆ ಮೆಟ್ಟಿಲಿನ ಹಳಬರು ಹಿಡಿಸದಿದ್ದರೆ ಯಾರನ್ನು ಯಾರ ಮನೆಗೆ ಕೊಡುವುದೆಂದು ತೀರ್ಮಾನವಾಗುವವರೆಗೆ ಸೆಟ್ ಅಂಗಡಿಯಲ್ಲೇ ಇರಲಿ. ಎಂಟನೆಯ ಪೆಟ್ಟಿಗೆ ಇಲ್ಲ.

ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ ತೆರೆದು ನೋಡುತ್ತೇನೆ. ಮರದ ಗೊಂಬೆಗಳ ಅಡಿಗೆ ಹಾಸಿರುವುದು ಕಡುಬಣ್ಣದ ಬಟ್ಟೆ. ಕೊರೆಹುಳ ಬಿದ್ದಿದ್ದರೆ ಹಿಟ್ಟಿನಂಥ ಪುಡಿ ಎದ್ದು ಕಾಣುತ್ತದೆ. ಅಂಥ ಗೊಂಬೆಯನ್ನು ಅಂದೇ ಬೇರೆ ಮಾಡಿ, ಖಾಲಿ ಪೆಟ್ಟಿಗೆ, ಬಟ್ಟೆ ಎರಡನ್ನೂ ಬಿಸಿಲಿಗೆ ಹಾಕುತ್ತೇನೆ. ಗೊಂಬೆಗಳನ್ನಲ್ಲ, ಬಿಸಿಲಿಗೆ ಬಣ್ಣ ಮಂಕಾಗುತ್ತದೆ.