ಅಡಿಕೆ ತೋಟದಲ್ಲಿ ಬೇರು ಕೊರೆಯುವ ಜಂತುಹುಳು: ಗುರುತಿಸುವ ಮತ್ತು ತಡೆಯುವ ಬಗೆ

ಎಳೆಯ ಅಡಿಕೆ ಸಸಿಗೆ ನೆರಳಾಗಲೆಂದು ಬಾಳೆ ಹಾಕುವುದು, ಮರ ಬೆಳೆದ ಮೇಲೆ ಅದಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸುವುದು ಮಲೆನಾಡು ಮತ್ತು ಕರಾವಳಿಯ ತೋಟಗಳಲ್ಲಿ ಮೊದಲಿನಿಂದ ನಡೆದುಬಂದ ಕ್ರಮ. ರೇಡೊಫೋಲಸ್ ಸಿಮಿಲಿಸ್ ಎಂಬ ಕೊರೆಯುವ ಜಂತುಹುಳು ಈ ಮೂರೂ ಬೆಳೆಗಳ ಬೇರನ್ನು ತಿಂದು ಬದುಕಬಲ್ಲದು. ತೆಂಗು, ಶುಂಠಿ, ಅರಿಶಿನಗಳೂ ಅದಕ್ಕೆ ಆಗುತ್ತವೆ. ಆದ್ದರಿಂದ ಬಾಳೆಗೊಂದು, ಮೆಣಸಿಗೊಂದು ಎಂದು ಬೇರೆಬೇರೆ ಉಪಚಾರ ಮಾಡುವ ಬದಲು ಇಡೀ ತೋಟವನ್ನು ಒಂದೇ ಬೆಳೆಯೆಂದು ನೋಡಬೇಕು. ಈ ಹುಳು ಹೊಸ ತೋಟಕ್ಕೆ ಸಾಮಾನ್ಯವಾಗಿ ಬರುವುದು ನಾವೇ ತಂದು ನೆಟ್ಟ ಬಾಳೆ ಕಂದು ಅಥವಾ ಬೇರು ಬಂದ ಮೆಣಸಿನ ಸಸಿಯ ಮೂಲಕ. ನಿರ್ವಹಣೆಯ ಮುಕ್ಕಾಲು ಪಾಲು ನೆಡುವ ಮೊದಲೇ ಮುಗಿಯಬೇಕು ಎಂದು ನಾನು ಹೇಳುವುದು ಇದಕ್ಕಾಗಿಯೇ.

1893ರಲ್ಲಿ ಜಂತುಹುಳು ತಜ್ಞ ಎನ್.ಎ. ಕಾಬ್ ಅವರು ಫಿಜಿಯ ಬಾಳೆ ಬೇರಿನಲ್ಲಿ ಕಂಡು ವಿವರಿಸಿದ ಈ ಹುಳು ಭಾರತದಲ್ಲಿ ಮೊದಲು ವರದಿಯಾದದ್ದು 1966ರಲ್ಲಿ, ಕೇರಳದ ಬಾಳೆಯಲ್ಲಿ. ಉದ್ದ ಒಂದು ಮಿಲಿಮೀಟರಿಗಿಂತ ಕಡಿಮೆಯಿದ್ದು ಮೈ ಪಾರದರ್ಶಕವಾಗಿರುವುದರಿಂದ ಬರಿಗಣ್ಣಿಗೆ ಸಿಗುವುದಿಲ್ಲ. ಹೆಣ್ಣು ಮತ್ತು ಮರಿಗಳು ಬೇರಿನ ತೊಗಟೆಯೊಳಗೆ ಸುರಂಗ ಕೊರೆಯುತ್ತ ಜೀವಕೋಶಗಳನ್ನು ಹೀರುತ್ತವೆ. ಗಂಡು ಏನನ್ನೂ ತಿನ್ನುವುದಿಲ್ಲ. ಮೊಟ್ಟೆಯೂ ಬೇರಿನೊಳಗೇ ಬೀಳುತ್ತದೆ. ನಮ್ಮ ಹವೆಯಲ್ಲಿ ಒಂದು ಪೀಳಿಗೆ ಮುಗಿಯಲು ಮೂರೂವರೆ ವಾರದಷ್ಟು ಸಮಯ ಸಾಕು.

ಬಾಳೆಯಲ್ಲಿ ಇದರ ಗುರುತು ಗೊನೆ ತುಂಬುವ ಹೊತ್ತಿಗೆ ಸಾಧಾರಣ ಗಾಳಿಗೂ ಗಿಡ ಬುಡಸಮೇತ ಉರುಳುವುದು. ಉರುಳಿದ ಗಿಡವನ್ನು ಸಾಗಿಸುವ ಮೊದಲು ಬುಡವನ್ನು ನೋಡಿರಿ. ಗೆಡ್ಡೆ ಗಟ್ಟಿಯಾಗಿದ್ದು ಬೇರುಗಳು ಮಾತ್ರ ಗೇಣುದ್ದದ ಮೋಟುಗಳಾಗಿ ಉಳಿದಿದ್ದರೆ ಜಂತುಹುಳುವಿನ ಮೇಲೆ ಅನುಮಾನ ಪಡಬೇಕು. ಗೆಡ್ಡೆಯಲ್ಲೇ ತೂತುಗಳಿದ್ದರೆ ಅದು ಗೆಡ್ಡೆ ಕೊರೆಯುವ ಮೂತಿಹುಳುವಿನ ಕೆಲಸ. ಕಾಂಡ ನಡುವೆ ಮುರಿದಿದ್ದರೆ ಕಾಂಡ ಕೊರಕವನ್ನು ಹುಡುಕಬೇಕು. ಖಚಿತಪಡಿಸಿಕೊಳ್ಳಲು ಪೆನ್ಸಿಲ್ ದಪ್ಪದ, ಇನ್ನೂ ಜೀವವಿರುವ ಬೇರನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿರಿ. ಹೊರಗಿನ ತೊಗಟೆಯ ಭಾಗ ಕೆಂಗಂದು ಬಣ್ಣಕ್ಕೆ ತಿರುಗಿ, ನಡುವಿನ ನಾರು ಮಾತ್ರ ಬೆಳ್ಳಗೆ ಉಳಿದಿದ್ದರೆ ಅದು ಕೊರೆಯುವ ಹುಳುವಿನ ಗಾಯ. ಬೇರಿನ ಮೇಲೆ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳು, ಬೇರೆಯೇ ಜಾತಿ. ಎರಡೂ ಒಟ್ಟಿಗೆ ಇರುವುದೂ ಅಪರೂಪವಲ್ಲ.

ಮೆಣಸಿನ ಬಳ್ಳಿಯಲ್ಲಿ ಈ ಹುಳು ನಿಧಾನ ಸೊರಗು ರೋಗದ ಪಾಲುದಾರ. ಮಳೆ ನಿಂತು ಮಣ್ಣಿನ ತೇವ ಆರತೊಡಗುವ ಅಕ್ಟೋಬರ್ ನಂತರ ಎಲೆ ಹಳದಿಯಾಗಿ ಉದುರುತ್ತದೆ, ಮುಂಗಾರು ಬಂದೊಡನೆ ಕೆಲವು ಬಳ್ಳಿಗಳು ಮತ್ತೆ ಚಿಗುರುತ್ತವೆ. ಆ ಚಿಗುರನ್ನು ಕಂಡು ಹಾಕಿದ ಗೊಬ್ಬರ ಕೆಲಸ ಮಾಡಿತೆಂದು ನಂಬುವವರು ಬಹಳ. ಮುಂದಿನ ಬೇಸಿಗೆಗೆ ಹಳದಿ ಇನ್ನಷ್ಟು ಹೆಚ್ಚಿ, ಕೆಲವು ವರ್ಷಗಳಲ್ಲಿ ಬಳ್ಳಿ ಸಾಯುತ್ತದೆ. ಮಳೆಗಾಲದಲ್ಲೇ ಬಳ್ಳಿ ದಿಢೀರನೆ ಸೊರಗಿದರೆ ಅದು ಫೈಟಾಫ್ತೊರ ಎಂಬ ಶಿಲೀಂಧ್ರದಂಥ ರೋಗಾಣುವಿನ ಶೀಘ್ರ ಸೊರಗು. ಅಡಿಕೆಯ ಹಳದಿ ಎಲೆ ರೋಗವಂತೂ ಫೈಟೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯದಂಥ ಸೂಕ್ಷ್ಮಜೀವಿಯಿಂದ ಬರುವಂಥದ್ದು, ಅದಕ್ಕೆ ಜಂತುಹುಳುವಿನ ಔಷಧ ಹಾಕುವುದು ದಂಡ. ಅನುಮಾನವಿದ್ದಲ್ಲಿ ಬುಡದ ಸುತ್ತ ಒಂದಡಿ ಆಳದವರೆಗಿನ ಮಣ್ಣನ್ನೂ ಎಳೆಯ ಬೇರುಗಳನ್ನೂ ಹಲವು ಗಿಡಗಳಿಂದ ಸೇರಿಸಿ, ಒಣಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲಿಗೆ ಬಿಡದೆ ಪ್ರಯೋಗಾಲಯಕ್ಕೆ ತಲುಪಿಸಬೇಕು. ಎಲ್ಲಿ ಪರೀಕ್ಷೆ ಮಾಡುತ್ತಾರೆಂಬುದನ್ನು ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಪೂರ್ತಿ ಸತ್ತ ಗಿಡದ ಬೇರನ್ನು ಕಳಿಸಿ ಪ್ರಯೋಜನವಿಲ್ಲ, ಹುಳು ಅಷ್ಟರಲ್ಲಿ ಪಕ್ಕದ ಬೇರಿಗೆ ಹೋಗಿರುತ್ತದೆ.

ಇನ್ನು ಬಾಳೆ ಕಂದಿನ ಉಪಚಾರ. ಕಂದನ್ನು ಉರುಳದ, ಆರೋಗ್ಯವಂತ ತಾಯಿಗಿಡದಿಂದಲೇ ತೆಗೆಯಿರಿ. ಬೇರನ್ನೆಲ್ಲ ಸವರಿ, ಗೆಡ್ಡೆಯ ಹೊರಸಿಪ್ಪೆಯನ್ನು ಹರಿತವಾದ ಕತ್ತಿಯಿಂದ ತೆಳುವಾಗಿ ಹೆರೆಯುತ್ತ ಹೋಗಬೇಕು. ಕಂದು ಚುಕ್ಕೆ ಕಂಡಲ್ಲಿ ಇನ್ನಷ್ಟು ಹೆರೆದು, ಎಲ್ಲೆಡೆ ಬಿಳಿ ತಿರುಳು ಕಾಣುವವರೆಗೆ ನಿಲ್ಲಿಸಬಾರದು. ಹೆರೆದರೂ ಚುಕ್ಕೆ ಒಳಗೊಳಗೇ ಇಳಿದಿದ್ದರೆ ಆ ಕಂದನ್ನು ಬಿಟ್ಟುಬಿಡಿ. ಸಿಪ್ಪೆಯನ್ನು ತೋಟದಲ್ಲೇ ಚೆಲ್ಲಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಅದನ್ನು ಅಂಗಳದಲ್ಲಿ ಒಣಗಿಸಿ ಸುಡಬೇಕು. ಹೆರೆದ ಗೆಡ್ಡೆಯನ್ನು 55 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 20 ನಿಮಿಷ ಮುಳುಗಿಸಿಟ್ಟರೆ ಒಳಗುಳಿದ ಹುಳುಗಳೂ ಸಾಯುತ್ತವೆ. ಇಲ್ಲಿ ಕೈ ಅದ್ದಿ ನೋಡುವ ಅಂದಾಜು ಸಾಲದು, ಥರ್ಮಾಮೀಟರ್ ಬೇಕೇ ಬೇಕು: ತಣ್ಣನೆಯ ಗೆಡ್ಡೆ ಹಾಕಿದೊಡನೆ ನೀರಿನ ಬಿಸಿ ಇಳಿಯುತ್ತದೆ, ಉರಿ ಹೆಚ್ಚಿಸಿದರೆ ಗೆಡ್ಡೆಯೇ ಬೇಯುತ್ತದೆ. ಡ್ರಮ್ಮಿಗೆ ಒಮ್ಮೆಗೆ ಕೆಲವೇ ಗೆಡ್ಡೆ ಹಾಕಿ ನೀರನ್ನು ಕಲಕುತ್ತಿರಬೇಕು, ಪಕ್ಕದಲ್ಲಿ ಒಂದು ಕೊಡ ತಣ್ಣೀರು ಇರಲಿ. ಇಷ್ಟು ಶ್ರಮ ಬೇಡವೆನ್ನುವವರಿಗೆ ಅಂಗಾಂಶ ಕೃಷಿಯ ಸಸಿ ಸುಲಭದ ದಾರಿ. ಆದರೆ ಅದು ಹುಳುವಿಲ್ಲದ ಸಸಿಯೇ ಹೊರತು ಹುಳುವನ್ನು ತಡೆಯುವ ಸಸಿಯಲ್ಲ.

ಮೆಣಸಿನ ಸಸಿಯನ್ನು ಬಿಸಿನೀರಿಗೆ ಹಾಕುವಂತಿಲ್ಲ, ಆದ್ದರಿಂದ ನರ್ಸರಿಯ ಮಣ್ಣನ್ನೇ ಶುದ್ಧ ಮಾಡಬೇಕು. ಏಪ್ರಿಲ್ ಬಿಸಿಲಿನಲ್ಲಿ ಮಣ್ಣಿನ ಮಿಶ್ರಣವನ್ನು ತೆಳುವಾಗಿ ಹರಡಿ, ಚೆನ್ನಾಗಿ ನೆನೆಸಿ, ಪಾರದರ್ಶಕ ಪಾಲಿಥೀನ್ ಹೊದಿಸಿ, ಅಂಚುಗಳಿಗೆ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಡುವುದು ಸಾಕಾಗುತ್ತದೆ. ಕಪ್ಪು ಹಾಳೆ ಅಷ್ಟು ಶಾಖ ಕೊಡುವುದಿಲ್ಲ.

ಈಗಾಗಲೇ ಹುಳು ಬಿದ್ದ ತೋಟದಲ್ಲಿ ಬರೇ ಬಾಳೆಯಿದ್ದರೆ ಗೆಡ್ಡೆಗಳನ್ನು ಕಿತ್ತು, ಮರುಚಿಗುರು ಬಾರದಂತೆ ನೋಡಿಕೊಂಡು, ಒಂದು ವರ್ಷ ಬೀಳುಬಿಟ್ಟರೆ ಅಥವಾ ಗದ್ದೆಯಾದರೆ ಭತ್ತ ಬೆಳೆದರೆ ಹುಳು ಉಪವಾಸ ಬಿದ್ದು ಕ್ಷೀಣಿಸುತ್ತದೆ. ಆತಿಥೇಯ ಬೇರಿಲ್ಲದೆ ಅದು ಮಣ್ಣಿನಲ್ಲಿ ಸುಮಾರು ಆರು ತಿಂಗಳಿಗಿಂತ ಹೆಚ್ಚು ಬಾಳುವುದಿಲ್ಲ. ಅಡಿಕೆ ತೋಟದಲ್ಲಿ ಈ ಉಪಾಯ ನಡೆಯದು, ಏಕೆಂದರೆ ಬಾಳೆ ತೆಗೆದರೂ ಅಡಿಕೆಯ ಬೇರು ಅಲ್ಲೇ ಇರುತ್ತದೆ. ಅಲ್ಲಿ ಮಾಡಬಹುದಾದದ್ದು ಸತ್ತ ಬಳ್ಳಿಯನ್ನು ಬೇರುಸಹಿತ ತೆಗೆದು ಸುಡುವುದು, ಅಂತರಬೆಳೆಯಾಗಿ ಶುಂಠಿ, ಅರಿಶಿನ ಹಾಕದಿರುವುದು, ಮೇಲಿನ ತೋಟದ ಮಳೆನೀರು ಹರಿದು ಬಾರದಂತೆ ಕಪ್ಪು (ಬಸಿಗಾಲುವೆ) ತೆಗೆಯುವುದು, ಪ್ರತಿ ಬಳ್ಳಿಗೆ ವರ್ಷಕ್ಕೆ ಒಂದು ಕಿಲೋ ಬೇವಿನ ಹಿಂಡಿ ಕೊಟ್ಟು ಹೊಸ ಬೇರು ಬರುವಂತೆ ಮಾಡುವುದು.

ಪೊಕೋನಿಯ, ಪರ್ಪ್ಯೂರಿಯೊಸಿಲಿಯಂ ಶಿಲೀಂಧ್ರಗಳನ್ನು ಬೇವಿನ ಹಿಂಡಿಯಲ್ಲಿ ವೃದ್ಧಿಸಿ ಹಾಕುವುದು ಒಳ್ಳೆಯದೇ, ಆದರೆ ಅವು ಮುಖ್ಯವಾಗಿ ಮೊಟ್ಟೆಯನ್ನು ನಾಶಮಾಡುವಂಥವು; ಈ ಹುಳುವಿನ ಮೊಟ್ಟೆ ಬೇರಿನೊಳಗೆ ಅಡಗಿರುವುದರಿಂದ ಬೇರುಗಂಟು ಹುಳುವಿನಲ್ಲಿ ಕಂಡಷ್ಟು ಫಲವನ್ನು ನಾನು ನಿರೀಕ್ಷಿಸುವುದಿಲ್ಲ. ಪೌರ್ಣಮಿ ಮೆಣಸಿನ ತಳಿಯ ಸಹಿಷ್ಣುತೆಯೂ ಬೇರುಗಂಟು ಹುಳುವಿಗೆ ಸಂಬಂಧಿಸಿದ್ದು.

ಹಳೆಯ ಕೈಪಿಡಿಗಳಲ್ಲಿ ಇನ್ನೂ ಕಾಣುವ ಫೋರೇಟ್ ಎಂಬ ಕೀಟನಾಶಕದ ಹರಳು 2020ರ ಕೊನೆಯಿಂದ ನಿಷಿದ್ಧವಾಗಿದೆ. ಕಾರ್ಬೊಫ್ಯುರಾನ್‌ನಲ್ಲೂ ಕೇಂದ್ರ ಸರ್ಕಾರದ 2023ರ ಆದೇಶದ ನಂತರ ಉಳಿದಿರುವುದು ಶೇ. 3ರ ಹರಳು ರೂಪ ಮಾತ್ರ. ಯಾವುದೇ ಜಂತುನಾಶಕವನ್ನು ಕೊಳ್ಳುವ ಮೊದಲು ಲೇಬಲ್ಲಿನಲ್ಲಿ ನಿಮ್ಮ ಬೆಳೆಯ ಹೆಸರಿದೆಯೇ ಎಂದು ಓದಿ, ಬಾವಿ ಮತ್ತು ಹಳ್ಳದ ಅಂಚನ್ನು ಬಿಟ್ಟು, ಮಣ್ಣಿನಲ್ಲಿ ತೇವವಿರುವಾಗ ಕೈಗವಸು ತೊಟ್ಟು ಹಾಕಬೇಕು. ಬಳ್ಳಿಗೆ ಇಂಥ ಉಪಚಾರ ತಾಗುವುದು ಹೊಸ ಬೇರು ಹೊರಡುವ ಮುಂಗಾರಿನ ಆರಂಭದಲ್ಲಿ ಮತ್ತು ಮಳೆ ಇಳಿಯುವ ಸೆಪ್ಟೆಂಬರ್ ಸುಮಾರಿಗೆ. ಎಲೆ ಹಳದಿಯಾದ ಮೇಲೆ, ಬೇಸಿಗೆಯ ಒಣ ಮಣ್ಣಿಗೆ ಸುರಿದ ಔಷಧ ಬೇರನ್ನು ಮುಟ್ಟುವುದೇ ಇಲ್ಲ.