ಮಲೆನಾಡಿನ ಥಂಡಿಯಲ್ಲಿ ಮಂದ್ರದ ಹಾಡು ಕಟ್ಟುವುದು

ಒಂದು ಅಕೌಸ್ಟಿಕ್ ಗಿಟಾರು, ಒಂದು ದನಿ, ಒಳಗಿನ ಭಾರದ ಮಾತು. ಇಂಥ ಹಾಡುಗಳನ್ನು ಮೂಡಿಗೆರೆ ಕಡೆಯ ಹೆಂಚಿನ ಮನೆಯಲ್ಲೇ ಬರೆದು, ರೆಕಾರ್ಡ್ ಮಾಡಿ ಬಿಡುಗಡೆ ಮಾಡುತ್ತೇನೆ. ಹಾಡಿಗೆ ಕತ್ತಲು ಬೇಕೆಂದು ಮೊದಲೇ ರಿವರ್ಬ್ (ಕೃತಕ ಮಾರ್ದನಿ) ಸುರಿಯುವವರು ಬಹಳ. ಕತ್ತಲು ಅಲ್ಲಿಂದ ಬರುವುದಿಲ್ಲ. ತಂತಿಯ ಶ್ರುತಿ, ಸಾಲಿನ ಕೊನೆಯ ಅಕ್ಷರ, ಕೂತ ಜಾಗ ಇಷ್ಟು ಸರಿಯಾದರೆ ಮೈಕಿಗೆ ಹೋಗುವ ಮುಂಚೆಯೇ ಹಾಡಿಗೆ ಬಣ್ಣ ಹತ್ತಿರುತ್ತದೆ.

ನಾನು ಬಳಸುವುದು ಡಿ-ಎ-ಡಿ-ಜಿ-ಎ-ಡಿ ಟ್ಯೂನಿಂಗ್, ದಪ್ಪನೆಯ ಆರನೇ ತಂತಿಯಿಂದ ತೆಳುವಾದ ಒಂದನೆಯದರವರೆಗೆ ಸ್ವರಗಳು ಹೀಗೆ. ಮಾಮೂಲಿ ಟ್ಯೂನಿಂಗಿನಿಂದ ಆರನೇ, ಎರಡನೇ, ಒಂದನೇ ತಂತಿಗಳನ್ನು ಎರಡೆರಡು ಫ್ರೆಟ್‌ನಷ್ಟು (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳ ಲೆಕ್ಕ) ಇಳಿಸಿದರೆ ಆಯಿತು. ಷಡ್ಜವಾದ ಡಿ, ಪಂಚಮವಾದ ಎ ತಂಬೂರಿಯ ಹಾಗೆ ಬೆರಳು ಒತ್ತದೆ ತೆರೆದೇ ನುಡಿಯುತ್ತವೆ. ಮೇಜರೋ ಮೈನರೋ ಎಂದು ತೀರ್ಮಾನಿಸುವ ಗಾಂಧಾರ ಮಾತ್ರ ತೆರೆದ ಯಾವ ತಂತಿಯಲ್ಲೂ ಇಲ್ಲ. ಅದನ್ನು ಗಿಟಾರಿನಲ್ಲಿ ಒತ್ತಬೇಡಿ, ದನಿಗೆ ಬಿಡಿ. ಪಲ್ಲವಿಯಲ್ಲಿ ಒಂದೇ ಒಂದು ಕಡೆ ಸಾಧಾರಣ ಗಾಂಧಾರ (ಮೈನರಿನ ಗಾಂಧಾರ) ಮುಟ್ಟಿದರೆ ಅದುವರೆಗೆ ತೂಗಾಡುತ್ತಿದ್ದ ಹಾಡು ಕೆಳಕ್ಕೆ ವಾಲುತ್ತದೆ. ತಂತಿ 0.012ರಿಂದ 0.053 ಇಂಚಿನ ಫಾಸ್ಫರ್ ಬ್ರಾಂಜ್ ಸೆಟ್. 0.010ರ ಸೆಟ್ಟಿನಲ್ಲಿ ಇಳಿಸಿದ ಆರನೇ ತಂತಿ ಸಡಿಲಾಗಿ ಫ್ರೆಟ್‌ಗೆ ಬಡಿಯುತ್ತದೆ. ಶ್ರುತಿ ಮಾಡುವಾಗ ಬೇಕಾದ ಸ್ವರಕ್ಕಿಂತ ಕೆಳಗಿಳಿಸಿ ಮೇಲಕ್ಕೆ ತನ್ನಿ. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಕತ್ತಿನ ತುದಿಯ ಗೀರುಪಟ್ಟಿಯಾದ ನಟ್‌ನಲ್ಲಿ ಸಿಕ್ಕಿಕೊಂಡ ತಂತಿ ಹಾಡಿನ ನಡುವೆ ಜಾರುತ್ತದೆ.

ಗಿಟಾರಿಗೆ 45ರಿಂದ 55 ಶೇಕಡಾ ತೇವಾಂಶ ಹಿತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಅದು ಕನಸು. ಮುಂಭಾಗದ ಹಲಗೆ ನೀರು ಕುಡಿದು ಉಬ್ಬುತ್ತದೆ, ಅದರ ಮೇಲೆ ತಂತಿ ಕಟ್ಟುವ ಬ್ರಿಡ್ಜ್ ಮೇಲೇಳುತ್ತದೆ, ತಂತಿ ಎತ್ತರವಾಗಿ ಬೆರಳು ನೋಯುತ್ತದೆ, ನಾದ ಮಂಕಾಗುತ್ತದೆ. ಆಗ ಕತ್ತಿನೊಳಗಿನ ಲೋಹದ ಸರಳಾದ ಟ್ರಸ್ ರಾಡ್ ತಿರುಗಿಸುವವರಿದ್ದಾರೆ. ರಾಡ್ ಸರಿಪಡಿಸುವುದು ಕತ್ತಿನ ಬಾಗನ್ನು, ಉಬ್ಬಿದ ಹಲಗೆಯನ್ನಲ್ಲ. ಮಳೆಗಾಲದಲ್ಲಿ ಬಿಗಿಮಾಡಿದ ಗಿಟಾರು ಫೆಬ್ರವರಿಯಲ್ಲಿ ಹಲಗೆ ಇಳಿದ ಮೇಲೆ ಎಲ್ಲ ಫ್ರೆಟ್‌ನಲ್ಲೂ ಗುಂಯ್‌ಗುಡುತ್ತದೆ. ಗಟ್ಟಿ ಪೆಟ್ಟಿಗೆ, ಒಳಗೊಂದು ತೇವಾಂಶ ಅಳೆಯುವ ಚಿಕ್ಕ ಹೈಗ್ರೋಮೀಟರ್, ಬಟ್ಟೆಚೀಲದಲ್ಲಿ ಸಿಲಿಕಾ ಜೆಲ್ ಇಷ್ಟಿದ್ದರೆ ಸಾಕು. ಬಣ್ಣ ಬದಲಾದಾಗ ಜೆಲ್ಲನ್ನು ಕಾಯಿಸಿ ಒಣಗಿಸಿ ಮತ್ತೆ ಬಳಸಬಹುದು. ನೀಲಿ ಜೆಲ್ಲನ್ನು ಮಾತ್ರ ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ, ಆ ಬಣ್ಣ ಕೋಬಾಲ್ಟಿನದು. ಏಲಕ್ಕಿ, ಕಾಳುಮೆಣಸು ಬೆಚ್ಚಗಿಡುವ ಒಲೆಯ ಮೇಲಿನ ಅಟ್ಟಕ್ಕೆ ಗಿಟಾರು ಏರಿಸುವುದೂ ತಪ್ಪು. ಬಿಸಿಗೆ ಅಂಟು ಮೆತ್ತಗಾಗಿ ಬ್ರಿಡ್ಜ್ ಬಿಟ್ಟುಕೊಳ್ಳುತ್ತದೆ.

ಕೋಣೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಹತ್ತು ಅಡಿ ಉದ್ದದ ಕೋಣೆ ನಮ್ಮಲ್ಲಿ ಸಾಮಾನ್ಯ. ಅಷ್ಟು ಉದ್ದಕ್ಕೆ ಕೋಣೆಯ ಸ್ವಂತ ಗುಂಯ್ ಮೊದಲು 56 ಹರ್ಟ್ಜ್‌ನಲ್ಲಿ, ಆಮೇಲೆ 112ರ ಹತ್ತಿರ. ನಮ್ಮ ಅತಿ ಕೆಳಗಿನ ಡಿ 73 ಹರ್ಟ್ಜ್, ಆದ್ದರಿಂದ ಮೊದಲನೆಯದು ತೊಂದರೆ ಕೊಡುವುದಿಲ್ಲ. ಎರಡನೆಯದು ಐದನೇ ತಂತಿಯ 110 ಹರ್ಟ್ಜ್ ಮೇಲೇ ಬಂದು ಕೂರುತ್ತದೆ. ಪಂಚಮ ಮೀಟಿದಾಗಲೆಲ್ಲ ಕೋಣೆ ಊದಿಕೊಳ್ಳುವುದು ಇದಕ್ಕೇ. ಕೋಣೆಯ ನಟ್ಟನಡುವೆಯೂ ಗೋಡೆಯ ಪಕ್ಕವೂ ಈ ಉಬ್ಬರ ಹೆಚ್ಚು, ಗೋಡೆಯಿಂದ ಎರಡೂವರೆ ಅಡಿಗೆ ತೀರಾ ಕಡಿಮೆ. ಮೈಕು ಅಲ್ಲಿ ಬರುವಂತೆ ಕೂರುತ್ತೇನೆ. ಬೆನ್ನ ಹಿಂದೆ ಹಗ್ಗದ ಮೇಲೆ ಎರಡು ಕುರಿ ಕಂಬಳಿ, ಮೂಲೆಯಲ್ಲಿ ಸುತ್ತಿ ನಿಲ್ಲಿಸಿದ ಹತ್ತಿ ಹಾಸಿಗೆ. ಮೊಟ್ಟೆಯ ಟ್ರೇ ಗೋಡೆಗೆ ಹಚ್ಚುವುದು ದಂಡ.

ಗಿಟಾರಿನ ಮೈಕು 12ನೇ ಫ್ರೆಟ್‌ನ ಎದುರು, 25ರಿಂದ 30 ಸೆಂಟಿಮೀಟರ್ ದೂರ, ಮುಖ ಸ್ವಲ್ಪ ಕತ್ತು ಸೇರುವ ಜಾಗದ ಕಡೆ. ಗಿಟಾರಿನ ನಡುವಿನ ದುಂಡು ತೂತಾದ ಸೌಂಡ್‌ಹೋಲ್‌ಗೆ ನೇರ ಹಿಡಿದರೆ ಬರೀ ಗುಡುಗು. 24 ಬಿಟ್, 48 ಕಿಲೋಹರ್ಟ್ಜ್, ಅತಿ ಜೋರಿನ ಮೀಟು ರೆಕಾರ್ಡಿಂಗ್ ಮಟ್ಟದಲ್ಲಿ ಮೈನಸ್ 12 ಡಿಬಿ (ಡೆಸಿಬಲ್) ದಾಟಬಾರದು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡಲಿ, ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ ಚಾರ್ಜರಿನ ಹಮ್ ನೇರ ಒಳಗೆ ಬರುತ್ತದೆ. ದನಿಗೆ 10ರಿಂದ 15 ಸೆಂಟಿಮೀಟರ್. ಅಷ್ಟು ಹತ್ತಿರದಲ್ಲಿ ಮೆಲುದನಿಗೂ ಎದೆಯ ತೂಕ ಸಿಗುತ್ತದೆ, ಆದರೆ ಪ, ಬ, ಭ ಸಿಡಿಯುತ್ತವೆ. ಪಾಪ್ ಫಿಲ್ಟರ್ ಹಾಕಿ, ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಓರೆಗೆ ಸರಿಸಿ. ಗಿಟಾರು ಮಾತ್ರ ರೆಕಾರ್ಡ್ ಮಾಡುವಾಗಲೂ ಹಾಡನ್ನು ಮನಸ್ಸಿನಲ್ಲಿ ಪೂರ್ತಿ ಹಾಡಿಕೊಳ್ಳಿ, ಇಲ್ಲದಿದ್ದರೆ ಉಸಿರಿಗೆ ಜಾಗವೇ ಉಳಿದಿರುವುದಿಲ್ಲ.

ಜೀರುಂಡೆ ಕೂಗು ತಂತಿಯ ಹೊಳಪೂ ಸ, ಶ ಅಕ್ಷರಗಳೂ ಇರುವ ಎತ್ತರದಲ್ಲೇ ಇರುತ್ತದೆ, ಆಮೇಲೆ ಸೋಸಿ ತೆಗೆಯಲಾಗದು. ಜನವರಿ ಫೆಬ್ರವರಿಯ ನಸುಕು ಒಳ್ಳೆಯದು, ಕೊಯ್ಲು ಮುಗಿಯದ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಶುರುವಾಗುವ ಮುಂಚೆ. ಮಳೆಯ ಸದ್ದು ಬೇಕಿದ್ದರೆ ಬೇರೆಯಾಗಿ ಹತ್ತು ನಿಮಿಷ ಹಿಡಿದು ಕೆಳಗೆ ಹಾಸಿ. ಹಾಡುವಾಗಲೇ ಸೇರಿಸಿಕೊಂಡರೆ ಎರಡು ಟೇಕ್ ಜೋಡಿಸಿದ ಕಡೆ ಮಳೆ ನೆಗೆಯುತ್ತದೆ.

ಸಾಹಿತ್ಯದಲ್ಲಿ ಒಂದು ಕಷ್ಟ ಕನ್ನಡದ್ದೇ. ಒತ್ತಕ್ಷರದ ಮೇಲೆ ಸ್ವರ ಎಳೆಯಲಾಗದು. ಸಾಲು ‘ಕತ್ತಲು’ ಎಂದು ಮುಗಿದರೆ ಎಳೆಯಲು ಸಿಗುವುದು ‘ಲು’ ಮಾತ್ರ, ಮೆಲುದನಿಯಲ್ಲಿ ಆ ಉಕಾರ ಶ್ರುತಿ ಬಿಡುತ್ತದೆ. ಸಾಲುಗಳನ್ನು ಆ, ಏ, ಓ ಇರುವ ಕಡೆ ನಿಲ್ಲಿಸುತ್ತೇನೆ. ‘ನಾನು’, ‘ನನ್ನ’ ಸಿಕ್ಕಲ್ಲೆಲ್ಲ ತೆಗೆಯುತ್ತೇನೆ, ಯಾರೆಂದು ಕ್ರಿಯಾಪದವೇ ಹೇಳುತ್ತದಲ್ಲ. ‘ಒಂಟಿತನ’ ಎನ್ನುವುದಕ್ಕಿಂತ ‘ಎರಡು ಲೋಟಕ್ಕೆ ಸೋಸಿದೆ, ಒಂದು ಆರಿತು’ ಎಂದರೆ ಕೇಳುವವರು ತಾವೇ ಬಂದು ಕೂರುತ್ತಾರೆ.

ಮಿಕ್ಸಿಂಗಿನಲ್ಲಿ ದನಿಗೆ 80 ಹರ್ಟ್ಜ್ ಕೆಳಗೆ ಕತ್ತರಿ. ರಿವರ್ಬ್ ಒಂದೂವರೆ ಸೆಕೆಂಡು ಮೀರದಿರಲಿ, ಅದರ ಪ್ರಿಡಿಲೇ, ಅಂದರೆ ಮಾರ್ದನಿ ಶುರುವಾಗುವ ಮುಂಚಿನ ಬಿಡುವು, 30 ಮಿಲಿಸೆಕೆಂಡು. ಬಾಲ ಉದ್ದವಾದರೆ ಹ್ರಸ್ವವೂ ದೀರ್ಘದಂತೆ ಕೇಳಿ, ‘ಬಳೆ’ ‘ಬಾಳೆ’ಯಾಗುತ್ತದೆ. ಕೊನೆಯ ಫೈಲಿನ ಟ್ರೂ ಪೀಕ್ (ಸದ್ದಿನ ನಿಜವಾದ ತುತ್ತತುದಿ) ಮೈನಸ್ 1 ಡಿಬಿ. ಸ್ಪಾಟಿಫೈ ಹಾಡಿನ ಒಟ್ಟು ಜೋರನ್ನು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಜೋರಿನ ಅಳತೆ) ತಾನೇ ಹೊಂದಿಸಿಕೊಳ್ಳುವುದರಿಂದ, ತುದಿಗಳನ್ನು ಅದುಮಿ ಜೋರು ಮಾಡುವ ಲಿಮಿಟರ್ ಹಾಕಿ ಜಜ್ಜುವುದು ನಷ್ಟ.

ಬಿಡುಗಡೆಗೆ ನಾಲ್ಕು ವಾರ ಮುಂಚೆ, ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರಿಗೆ ಕಳಿಸಿ. ಸ್ಪಾಟಿಫೈ ಸಂಪಾದಕರಿಗೆ ಹಾಡು ಸೂಚಿಸಲು ಬಿಡುಗಡೆಗೆ ಮುಂಚೆ ಕನಿಷ್ಠ 7 ದಿನ ಬೇಕು. ಭಾಷೆಯ ಜಾಗದಲ್ಲಿ ಕನ್ನಡ ಆರಿಸಿ, ರೆಕಾರ್ಡಿಂಗಿನ ಗುರುತಾದ ಐಎಸ್‌ಆರ್‌ಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಸಾಹಿತ್ಯ, ರಾಗಸಂಯೋಜನೆ ಎರಡೂ ನಿಮ್ಮದಾಗಿದ್ದರೆ ಹಾಡು ಬರೆದವರ, ರಾಗ ಹಾಕಿದವರ ರಾಯಧನ ಸಂಗ್ರಹಿಸುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವ ಪಡೆದು ಎರಡು ಪಾತ್ರಗಳಲ್ಲೂ ಹೆಸರು ನಮೂದಿಸಿ. ಡಿಸ್ಟ್ರಿಬ್ಯೂಟರ್ ಕೊಡುವುದು ರೆಕಾರ್ಡಿಂಗಿನ ಪಾಲು, ಬರೆದವರ ಪಾಲು ಈ ದಾರಿಯಲ್ಲೇ ಬರಬೇಕು.